ಶಸ್ತ್ರಚಿಕಿತ್ಸೆಯ ನಂತರ ಕಾರು ಓಡಿಸುವುದು: ವಿಮೆಯವರಿಗೆ ಹೇಳಲೇಬೇಕೇ?

ಬಲಮಂಡಿ (ಮೂಲ ಪ್ರಶ್ನೆ)

ಬಲಗಾಲಿನ ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಐದು ವಾರ. ಊರುಗೋಲು ಬಿಟ್ಟು ನಾಲ್ಕು ದಿನವಾಯಿತು. ಮೆಟ್ಟಿಲು ಹತ್ತುತ್ತೇನೆ, ಇಳಿಯುವಾಗ ಮಾತ್ರ ಕಂಬಿ ಹಿಡಿಯುತ್ತೇನೆ. ಕಾರು ಆಟೊಮ್ಯಾಟಿಕ್. ಮನೆಯಲ್ಲಿ ಕುಳಿತು ಕುಳಿತು ಗೋಡೆಯ ಬಿರುಕುಗಳೆಲ್ಲ ಬಾಯಿಪಾಠವಾಗಿವೆ.

ಶಸ್ತ್ರಚಿಕಿತ್ಸಕರನ್ನು ಕೇಳಿದೆ. "ನಿಮಗೆ ಆರಾಮ ಎನಿಸಿದಾಗ ಓಡಿಸಿ, ಆದರೆ ಮೊದಲು ವಿಮಾ ಕಂಪನಿಯವರನ್ನು ಒಂದು ಮಾತು ಕೇಳಿಬಿಡಿ" ಎಂದರು. ವಿಮಾ ಕಂಪನಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, ಕೊನೆಗೆ ಸಿಕ್ಕ ಹುಡುಗ "ನಿಮ್ಮ ವೈದ್ಯರು ಒಪ್ಪಿದರೆ ಓಡಿಸಬಹುದು ಸರ್" ಎಂದ. ಅಂದರೆ ಇವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ.

ಈಗ ಹೇಳಿ: ನಾನು ಯಾವಾಗ ಓಡಿಸಬಹುದು? ವಿಮೆಯವರಿಗೆ ಬರಹದಲ್ಲಿ ತಿಳಿಸಲೇಬೇಕೇ? ತಿಳಿಸಿದರೆ ಪ್ರೀಮಿಯಂ ಏರಿಸುತ್ತಾರೆಯೇ?

ಹಳೆಯ ಸ್ಟೀರಿಂಗ್

ಹೇಳಬೇಡಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ಯಾರೂ ಕೇಳದೆ ನೀವಾಗಿಯೇ ಹೋಗಿ "ನನಗೆ ಕಾಲು ಸರಿಯಿಲ್ಲ" ಎಂದು ಬರೆದುಕೊಟ್ಟರೆ ಆ ಕಾಗದವನ್ನು ಅವರು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ, ನಿಮಗಾಗಿ ಅಲ್ಲ. ನನಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಹತ್ತನೆಯ ದಿನವೇ ಕಾರು ತೆಗೆದೆ. ಯಾರಿಗೂ ಹೇಳಲಿಲ್ಲ. ಏನೂ ಆಗಲಿಲ್ಲ.

ಪಾಲಿಸಿ ಪುಟ

ಮೇಲಿನವರ ಸಲಹೆ ಓದಿ ತಲೆ ಚಚ್ಚಿಕೊಳ್ಳುವಂತಾಯಿತು. ಹನ್ನೊಂದು ವರ್ಷ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವನು ನಾನು, ಈಗ ಬಿಟ್ಟಿದ್ದೇನೆ, ಆದ್ದರಿಂದ ಯಾರ ಪರವೂ ವಕಾಲತ್ತು ವಹಿಸಬೇಕಾಗಿಲ್ಲ.

ಪಾಲಿಸಿಯ ಮೊದಲ ಪುಟ ಬಿಟ್ಟು ಒಳಗಿನ ಸಣ್ಣ ಅಕ್ಷರ ಓದಿ. ಮೂರು ಜಾಗ ಹುಡುಕಿ. ಚಾಲಕ ಯಾರಿರಬೇಕು, ಅವರ ಪರವಾನಗಿ ಹೇಗಿರಬೇಕು ಎನ್ನುವ ಷರತ್ತು ಒಂದು. ಪಾಲಿಸಿ ಮಾಡಿಸಿದ ಮೇಲೆ ಏನಾದರೂ ಬದಲಾದರೆ ತಿಳಿಸಬೇಕು ಎನ್ನುವುದು ಇನ್ನೊಂದು. ಮದ್ಯ, ಮಾದಕ ಅಥವಾ ಮಂಪರು ತರುವ ಔಷಧದ ಪ್ರಭಾವದಲ್ಲಿ ಓಡಿಸಿದರೆ ಪರಿಹಾರವಿಲ್ಲ ಎನ್ನುವುದು ಮೂರನೆಯದು. ಶಸ್ತ್ರಚಿಕಿತ್ಸೆಯಾದವರು ಎರಡನೆಯದರ ಬಗ್ಗೆಯೇ ಚಿಂತಿಸುತ್ತಾರೆ. ನಾನು ಕಂಡಂತೆ ಜನ ಸಿಕ್ಕಿಬೀಳುವುದು ಮೂರನೆಯದರಲ್ಲಿ.

ಕೆಲವು ಪಾಲಿಸಿಗಳು ಶಾಶ್ವತವಾದ ಅಥವಾ ದೀರ್ಘಕಾಲದ ಆರೋಗ್ಯ ಬದಲಾವಣೆಯನ್ನು ಮಾತ್ರ ತಿಳಿಸಿ ಎನ್ನುತ್ತವೆ, ಕೆಲವು ತಾತ್ಕಾಲಿಕವಾದದ್ದನ್ನೂ ಕೇಳುತ್ತವೆ, ಕೆಲವು ಈ ವಿಷಯವನ್ನೇ ಎತ್ತುವುದಿಲ್ಲ. ನಿಮ್ಮದು ಯಾವುದು ಎಂದು ನೋಡದೆ ಇಲ್ಲಿ ಯಾರು ಏನು ಹೇಳಿದರೂ ಅದು ಜಾತಕ ನೋಡದೆ ಭವಿಷ್ಯ ಹೇಳಿದಂತೆ.

ಹಳೆಯ ಸ್ಟೀರಿಂಗ್

ನನಗೆ ಅಪಘಾತವೇ ಆಗಲಿಲ್ಲವಲ್ಲ ಸ್ವಾಮಿ.

ಪಾಲಿಸಿ ಪುಟ

ಅದಕ್ಕೆ ಅದೃಷ್ಟ ಎನ್ನುತ್ತಾರೆ. ಸಲಹೆಯಾಗಿ ಹಂಚುವ ವಸ್ತುವಲ್ಲ.

ಕತ್ತರಿಹೊಲಿಗೆ

ಮೂಳೆ ವಿಭಾಗದಲ್ಲಿ ಫಿಸಿಯೋ ಆಗಿದ್ದೇನೆ. ವಿಮೆಯ ಜಗಳ ನೀವು ಆಡಿಕೊಳ್ಳಿ, ನಾನು ಮಂಡಿಯ ಮಾತು ಹೇಳುತ್ತೇನೆ.

ಬಲಮಂಡಿಯವರೇ, ನಿಮ್ಮ ವೈದ್ಯರು ಹೇಳಿದ "ಆರಾಮ" ಎನ್ನುವ ಪದ ಮೋಸದ್ದು. ನೋವು ಇಲ್ಲದಿರುವುದು ಬೇರೆ, ಕಾಲು ಬೇಗ ಏಳುವುದು ಬೇರೆ. ಬಲಮಂಡಿ ಬದಲಾಯಿಸಿದವರ ಬ್ರೇಕ್ ಒತ್ತುವ ವೇಗ ಶಸ್ತ್ರಚಿಕಿತ್ಸೆಗೆ ಮುಂಚಿನ ಮಟ್ಟಕ್ಕೆ ಮರಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಲೆಕ್ಕ ಹಾಕಿ ನೋಡಿ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ನಿಮ್ಮ ಕಾಲು ಅರ್ಧ ಸೆಕೆಂಡ್ ತಡಮಾಡಿದರೆ ಬ್ರೇಕ್ ಹಿಡಿಯುವ ಮೊದಲೇ 8 ಮೀಟರ್ ಹೋಗಿಯಾಯಿತು. ಅಷ್ಟರಲ್ಲಿ ಎರಡು ಕಾರು ಸಾಲಾಗಿ ನಿಲ್ಲಬಹುದು.

ನಾನು ರೋಗಿಗಳಿಗೆ ಹೇಳುವುದು ಇಷ್ಟು. ಕಾರು ನಿಂತಿರಲಿ, ಎಂಜಿನ್ ಆಫ್ ಆಗಿರಲಿ. ಯಾರ ಸಹಾಯವೂ ಇಲ್ಲದೆ ಒಳಗೆ ಕುಳಿತುಕೊಳ್ಳಿ. ಕಾಲನ್ನು ಎಕ್ಸಲರೇಟರ್ ಮೇಲೆ ಇಡಿ. ಪಕ್ಕದಲ್ಲಿ ಕುಳಿತವರು ಎಚ್ಚರಿಕೆ ಕೊಡದೆ ಚಪ್ಪಾಳೆ ತಟ್ಟಲಿ, ತಕ್ಷಣ ಬ್ರೇಕನ್ನು ಪೂರ್ತಿ ಬಲದಿಂದ ಒತ್ತಿ. ಹತ್ತು ಸಲ ಮಾಡಿ. ಹತ್ತರಲ್ಲಿ ಒಂದು ಸಲ ಮುಖ ಕಿವಿಚಿದರೂ ನೀವು ಇನ್ನೂ ಸಿದ್ಧರಾಗಿಲ್ಲ. ಮೊದಲ ಮೂರು ಸಲ ಎಲ್ಲರೂ ಸರಿಯಾಗಿ ಮಾಡುತ್ತಾರೆ, ನೋಡಬೇಕಾದದ್ದು ಎಂಟನೆಯದನ್ನು.

ಎಡಗಾಲಿನವನು

ನನಗೆ ಎಡಮಂಡಿ. ಆಟೊಮ್ಯಾಟಿಕ್ ಕಾರು. ಎರಡು ವಾರ ಕಳೆದ ಮೇಲೆ ಓಡಿಸಿದೆ, ವೈದ್ಯರೂ ಒಪ್ಪಿದ್ದರು. ನಿಮಗೆ ಒಂದು ಉಪಾಯ: ಬಲಗಾಲಿಗೆ ಕಷ್ಟವಾದರೆ ಸ್ವಲ್ಪ ದಿನ ಎಡಗಾಲಿನಲ್ಲಿ ಬ್ರೇಕ್ ಒತ್ತಿ.

ಕತ್ತರಿಹೊಲಿಗೆ

ದಯವಿಟ್ಟು ಬೇಡ. ವರ್ಷಗಟ್ಟಲೆ ಕ್ಲಚ್ ತುಳಿದ ಎಡಗಾಲಿಗೆ ಬ್ರೇಕಿನ ಹದ ಗೊತ್ತಿರುವುದಿಲ್ಲ. ಗಾಬರಿಯಲ್ಲಿ ಕ್ಲಚ್ ತುಳಿದ ಹಾಗೆ ತುಳಿಯುತ್ತದೆ, ಹಿಂದಿನ ಕಾರು ನಿಮ್ಮ ಡಿಕ್ಕಿಯೊಳಗೆ ಬಂದು ಕೂರುತ್ತದೆ. ಒಂದೊಂದು ಸಲ ಎರಡೂ ಕಾಲು ಎರಡೂ ಪೆಡಲ್ ಮೇಲೆ ಒಟ್ಟಿಗೆ ಬೀಳುತ್ತವೆ.

ಎಡಗಾಲಿನವನು

ಸರಿ, ಆ ಸಾಲು ವಾಪಸ್ ತೆಗೆದುಕೊಂಡೆ. ಎರಡು ವಾರ ಎನ್ನುವುದನ್ನು ತೆಗೆದುಕೊಳ್ಳುವುದಿಲ್ಲ.

ಎದೆತಂತಿ

ನನ್ನದು ಹೃದಯದ ಬೈಪಾಸ್. ಎದೆಮೂಳೆ ಸೀಳಿ ತಂತಿ ಹಾಕಿ ಕೂಡಿಸಿದ್ದಾರೆ, ಅದಕ್ಕೇ ಈ ಹೆಸರು. ಆ ಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಗಟ್ಟಿಯಾಗಲು ಇನ್ನೂ ಸಮಯ ಬೇಕು ಎಂದಿದ್ದರು. ನನಗೆ ಕಷ್ಟವಾದದ್ದು ಬ್ರೇಕ್ ಅಲ್ಲ, ಸ್ಟೀರಿಂಗ್ ಪೂರ್ತಿ ತಿರುಗಿಸುವುದು ಮತ್ತು ಬಾಗಿಲು ಎಳೆದು ಮುಚ್ಚುವುದು. ಬಾಗಿಲು! ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಇನ್ನೊಂದು ಭಯ ಏರ್‌ಬ್ಯಾಗ್. ಸ್ಟೀರಿಂಗಿನಿಂದ ಎದೆಗೆ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಲಿ ಎನ್ನುತ್ತಾರೆ. ನಾನು ಸ್ಟೀರಿಂಗನ್ನು ತಬ್ಬಿಕೊಂಡು ಓಡಿಸುವ ಜಾತಿ, ಸೀಟು ಹಿಂದಕ್ಕೆ ತಳ್ಳಿ ಅಭ್ಯಾಸ ಮಾಡಿಕೊಳ್ಳಲು ಒಂದು ವಾರ ಹಿಡಿಯಿತು.

ವಿಮೆಯವರಿಗೆ ಬರೆದೆ. ಎರಡು ಸಾಲಿನ ಉತ್ತರ ಬಂತು: ವೈದ್ಯರ ಪತ್ರ ಇಟ್ಟುಕೊಂಡಿರಿ, ನಮಗೆ ಕಳುಹಿಸಬೇಕಾಗಿಲ್ಲ. ಪ್ರೀಮಿಯಂ ಒಂದು ಪೈಸೆಯೂ ಏರಲಿಲ್ಲ.

ಎರಡು ಮಕ್ಕಳ ತಾಯಿ

ಇಲ್ಲಿ ಎಲ್ಲರೂ ಮಂಡಿ, ಎದೆ ಎನ್ನುತ್ತಿದ್ದೀರಿ. ಸಿಸೇರಿಯನ್ ಆದವರನ್ನು ಯಾರೂ ಶಸ್ತ್ರಚಿಕಿತ್ಸೆ ಆದವರು ಎಂದು ಎಣಿಸುವುದೇ ಇಲ್ಲ. ಮೊದಲ ಮಗುವಿನ ಸಮಯದಲ್ಲಿ ಮೂರನೆಯ ವಾರ, ಮಗುವಿಗೆ ಚುಚ್ಚುಮದ್ದು ಹಾಕಿಸಲು ನಾನೇ ಓಡಿಸಿಕೊಂಡು ಹೋದೆ. ದಾರಿಯಲ್ಲಿ ನಾಯಿ ಅಡ್ಡ ಬಂತು. ಬ್ರೇಕ್ ಒತ್ತಿದ್ದು ನೆನಪಿದೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ಹತ್ತು ನಿಮಿಷ ಅತ್ತದ್ದು ನೆನಪಿದೆ. ಹೊಲಿಗೆಗೆ ಏನೂ ಆಗಿರಲಿಲ್ಲ. ನಾಯಿಗೂ ಏನೂ ಆಗಲಿಲ್ಲ. ಎರಡನೆಯ ಸಲ ಆರು ವಾರ ಕಳೆಯುವವರೆಗೆ ಕೀಲಿಯನ್ನೇ ಮುಟ್ಟಲಿಲ್ಲ.

ಸೀಟ್ ಬೆಲ್ಟ್ ಗಾಯಕ್ಕೆ ತಾಗುತ್ತದೆ ಎಂದು ಕಂಕುಳ ಕೆಳಗೆ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ತೆಳುವಾದ ಮೆತ್ತನೆಯ ಬಟ್ಟೆ ನಡುವೆ ಇಟ್ಟುಕೊಂಡರೆ ಸಾಕು. ದಿಂಬು ಬೇಡ, ದಿಂಬು ಇಟ್ಟರೆ ಬೆಲ್ಟ್ ಸಡಿಲವಾಗುತ್ತದೆ.

ಹಳೆಯ ಸ್ಟೀರಿಂಗ್

ಅಮ್ಮಾ, ನಿಮ್ಮ ಮಾತು ಒಪ್ಪಿದೆ. ಆದರೆ ವಿಮೆಯವರಿಗೆ ಹೇಳಿದ್ದಿರಾ?

ಎರಡು ಮಕ್ಕಳ ತಾಯಿ

ಇಲ್ಲ. ಆ ಯೋಚನೆಯೇ ಬಂದಿರಲಿಲ್ಲ. ನೀವು ಗೆದ್ದಿರಿ ಎಂದುಕೊಳ್ಳಬೇಡಿ.

ಮೇಷ್ಟರು

ವಿಮೆಯಲ್ಲಿ "ಪರಮ ಸದ್ಭಾವ" ಎನ್ನುವ ತತ್ತ್ವವಿದೆ. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕಾರ್ಟರ್ ಮತ್ತು ಬೋಮ್ ನಡುವಿನ ಮೊಕದ್ದಮೆಯಲ್ಲಿ ಇದನ್ನು ವಿವರಿಸಿದ. ಅಪಾಯದ ಸ್ವರೂಪ ಗೊತ್ತಿರುವುದು ವಿಮೆ ಮಾಡಿಸುವವನಿಗೆ, ಆದ್ದರಿಂದ ಮುಖ್ಯವಾದದ್ದನ್ನು ಮುಚ್ಚಿಡಬಾರದು. ಈ ತತ್ತ್ವ ಇನ್ನೂರೈವತ್ತು ವರ್ಷಗಳಿಂದ ನಡೆದುಬಂದಿದೆ. ಹಳೆಯ ಸ್ಟೀರಿಂಗ್ ಅವರು ಇದನ್ನು ಓದಿಕೊಳ್ಳಲಿ.

ಪಾಲಿಸಿ ಪುಟ

ಮೇಷ್ಟರೇ, ಅರ್ಧ ಕಥೆ ಹೇಳಿ ಬಿಟ್ಟಿರಿ. ಆ ಮೊಕದ್ದಮೆಯಲ್ಲಿ ಗೆದ್ದದ್ದು ವಿಮೆ ಮಾಡಿಸಿದವರ ಕಡೆಯೇ. ಸುಮಾತ್ರಾದ ಒಂದು ಕೋಟೆಗೆ ವಿಮೆ ಮಾಡಿಸಿದ್ದರು, ಫ್ರೆಂಚರು ಬಂದು ಅದನ್ನು ಹಿಡಿದರು. "ಕೋಟೆ ದುರ್ಬಲ ಎಂದು ನಮಗೆ ಹೇಳಲಿಲ್ಲ" ಎಂದು ವಿಮೆ ಕೊಟ್ಟವರು ತಗಾದೆ ತೆಗೆದಾಗ, ನಿಮಗೂ ತಿಳಿದುಕೊಳ್ಳಲು ಅವಕಾಶವಿತ್ತಲ್ಲ ಎಂದು ಅವರ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಇನ್ನು ಬ್ರಿಟನ್ನಿನಲ್ಲಿಯೇ 2012ರ ಕಾಯ್ದೆಯ ಪ್ರಕಾರ ಸಾಮಾನ್ಯ ಗ್ರಾಹಕರು ತಾವಾಗಿಯೇ ಎಲ್ಲವನ್ನೂ ಒದರಬೇಕಾಗಿಲ್ಲ, ಕೇಳಿದ ಪ್ರಶ್ನೆಗೆ ಎಚ್ಚರದಿಂದ ಸರಿಯಾದ ಉತ್ತರ ಕೊಟ್ಟರೆ ಸಾಕು. ದೇಶದಿಂದ ದೇಶಕ್ಕೆ ಇದು ಬೇರೆ.

ಹಳೆಯ ಸ್ಟೀರಿಂಗ್

ನೋಡಿದಿರಾ! ಕೇಳಿದರೆ ಹೇಳು, ಕೇಳದಿದ್ದರೆ ಸುಮ್ಮನಿರು. ನಾನು ಹೇಳಿದ್ದೂ ಅದನ್ನೇ.

ಪಾಲಿಸಿ ಪುಟ

ನೀವು ಹೇಳಿದ್ದು ಸುಮ್ಮನಿರು ಎನ್ನುವ ಅರ್ಧ ಮಾತ್ರ. ಪಾಲಿಸಿಯಲ್ಲಿ "ಆರೋಗ್ಯದಲ್ಲಿ ಬದಲಾವಣೆಯಾದರೆ ತಿಳಿಸಿ" ಎಂದು ಅಚ್ಚಾಗಿದ್ದರೆ ಅದು ಕೇಳಿದಂತೆಯೇ.

ಮೇಷ್ಟರು

ಕೋಟೆಯ ವಿಷಯ ನನಗೂ ಗೊತ್ತಿತ್ತು. ವಿಸ್ತಾರವಾಗುತ್ತದೆ ಎಂದು ಬಿಟ್ಟೆ.

ಅನುಮಾನ

ನನಗೆ ಒಂದು ಅರ್ಥವಾಗುತ್ತಿಲ್ಲ. ಆಸ್ಪತ್ರೆಯ ಬಿಲ್ಲನ್ನು ವಿಮೆಯವರೇ ಕಟ್ಟಿದ್ದಾರೆ. ಹಾಗಿದ್ದ ಮೇಲೆ ಶಸ್ತ್ರಚಿಕಿತ್ಸೆ ಆದದ್ದು ಅವರಿಗೆ ಗೊತ್ತೇ ಇದೆ. ಮತ್ತೆ ಹೇಳುವುದು ಏಕೆ?

ಪಾಲಿಸಿ ಪುಟ

ಅದು ಆರೋಗ್ಯ ವಿಮೆ, ಇದು ವಾಹನ ವಿಮೆ. ಎರಡೂ ಒಂದೇ ಕಂಪನಿಯದಾದರೂ ಒಂದು ಮೇಜಿನ ಕಾಗದ ಇನ್ನೊಂದು ಮೇಜಿಗೆ ತಾನಾಗಿ ನಡೆದು ಹೋಗುವುದಿಲ್ಲ. ಕ್ಲೇಮ್ ತಿರಸ್ಕರಿಸಬೇಕಾದಾಗ ಮಾತ್ರ ಓಡಿ ಹೋಗುತ್ತದೆ.

ಇಲಿಬೋನು

ಯಾರೂ ಹೇಳದ ಮುಖ್ಯ ವಿಷಯ: ಐದು ವಾರ ಕಾರು ನಿಂತೇ ಇದ್ದರೆ ಬ್ಯಾಟರಿ ಸತ್ತಿರುತ್ತದೆ. ಟೈರಿನ ಗಾಳಿ ನೋಡಿ. ಬಾನೆಟ್ ಎತ್ತಿ ಇಲಿ ತಂತಿ ಕಡಿದಿದೆಯೇ ನೋಡಿ. ನಾನು ಅಪೆಂಡಿಕ್ಸ್ ತೆಗೆಸಿಕೊಂಡು ಬರುವಷ್ಟರಲ್ಲಿ ನನ್ನ ಕಾರಿನೊಳಗೆ ಒಂದು ಸಂಸಾರವೇ ಹೂಡಿತ್ತು.

ಬಲಮಂಡಿ

ಕಾರು ನಿಂತಿಲ್ಲ, ಓಡುತ್ತಲೇ ಇದೆ. ಬ್ಯಾಟರಿ ಚೆನ್ನಾಗಿದೆ. ಇಲಿಯ ಚಿಂತೆ ಇಲ್ಲ.

ಇಲಿಬೋನು

ಇಲಿಯ ಚಿಂತೆ ಇಲ್ಲದವರ ಕಾರಿಗೇ ಇಲಿ ಬರುವುದು.

ಮಾತ್ರೆಡಬ್ಬಿ

ಔಷಧದ ಅಂಗಡಿ ನಡೆಸುತ್ತೇನೆ. ಪಾಲಿಸಿ ಪುಟ ಅವರು ಮೂರನೆಯ ಷರತ್ತಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಬಲಮಂಡಿಯವರೇ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಬರೀ ಪ್ಯಾರಾಸಿಟಮಾಲ್ ಆದರೆ ಚಿಂತೆಯಿಲ್ಲ. ಟ್ರಮಡಾಲ್, ಕೊಡೀನ್, ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಇವುಗಳಲ್ಲಿ ಯಾವುದಿದ್ದರೂ ಮಂಪರು ಬರಬಹುದು. ಅದರಲ್ಲೂ ಮಾತ್ರೆ ಶುರುಮಾಡಿದ ಅಥವಾ ಪ್ರಮಾಣ ಹೆಚ್ಚಿಸಿದ ಮೊದಲ ದಿನಗಳಲ್ಲಿ. ಮಂಪರು ಬಂದವನಿಗೆ ಮಂಪರು ಬಂದಿದೆ ಎಂದು ಗೊತ್ತಾಗುವುದಿಲ್ಲ, ಅದೇ ಅದರ ಗುಣ.

ಪೂರ್ಣ ಅರಿವಳಿಕೆ ಕೊಟ್ಟಿದ್ದರೆ ಕನಿಷ್ಠ 24 ಗಂಟೆ ಓಡಿಸಬಾರದು. ಇದು ದೊಡ್ಡ ಶಸ್ತ್ರಚಿಕಿತ್ಸೆಗೆ ಮಾತ್ರವಲ್ಲ. ಮಂಪರಿನ ಚುಚ್ಚುಮದ್ದು ಕೊಟ್ಟು ಎಂಡೋಸ್ಕೋಪಿ ಮಾಡಿಸಿಕೊಂಡು ಮಧ್ಯಾಹ್ನವೇ ಕಾರು ಓಡಿಸಿಕೊಂಡು ಮಾತ್ರೆ ಕೊಳ್ಳಲು ಬಂದವರನ್ನು ಕಣ್ಣಾರೆ ಕಂಡಿದ್ದೇನೆ.

ಬಲಮಂಡಿ

ಹಗಲು ಪ್ಯಾರಾಸಿಟಮಾಲ್. ರಾತ್ರಿ ಅರ್ಧ ಟ್ರಮಡಾಲ್. ರಾತ್ರಿಯದ್ದು ಲೆಕ್ಕಕ್ಕೆ ಬರುತ್ತದೆಯೇ?

ಮಾತ್ರೆಡಬ್ಬಿ

ಬೆಳಿಗ್ಗೆ ಎದ್ದಾಗ ತಲೆ ಭಾರವಿದ್ದರೆ ಬರುತ್ತದೆ. ವೈದ್ಯರಿಗೆ ಹೇಳಿ ಅದನ್ನು ನಿಲ್ಲಿಸುವ ದಾರಿ ನೋಡಿ, ಆಮೇಲೆ ಕೀಲಿ ಹುಡುಕಿ.

ಒಂದು ಕಣ್ಣು

ಕಣ್ಣಿನ ಪೊರೆ ತೆಗೆಸಿಕೊಂಡವರಿಗೂ ಇದೇ ಗೋಳು. ಒಂದು ಕಣ್ಣು ಮಾಡಿಸಿದ್ದೇನೆ, ಇನ್ನೊಂದು ಬಾಕಿ. ಒಂದರಲ್ಲಿ ಬಣ್ಣಗಳೆಲ್ಲ ತೊಳೆದಿಟ್ಟಂತೆ, ಇನ್ನೊಂದರಲ್ಲಿ ಹಳೆಯ ಚಹಾದ ಬಣ್ಣ. ಮುಂದಿನ ಗಾಡಿ ಎಷ್ಟು ದೂರ ಇದೆ ಎನ್ನುವುದೇ ತಿಳಿಯುವುದಿಲ್ಲ. ನೋವಿಲ್ಲ, ಮಾತ್ರೆ ಇಲ್ಲ, ಕಾಲು ಎರಡೂ ಗಟ್ಟಿ. ಆದರೂ ಓಡಿಸುತ್ತಿಲ್ಲ. ಕತ್ತರಿಹೊಲಿಗೆ ಅವರ ಚಪ್ಪಾಳೆ ಪರೀಕ್ಷೆಯಲ್ಲಿ ನಾನು ಪ್ರಥಮ ದರ್ಜೆಯಲ್ಲಿ ಪಾಸಾಗುತ್ತೇನೆ, ಏನು ಪ್ರಯೋಜನ?

ಕತ್ತರಿಹೊಲಿಗೆ

ಒಪ್ಪಿದೆ. ಆ ಪರೀಕ್ಷೆ ಕಾಲಿಗೆ ಮಾತ್ರ. ಕುತ್ತಿಗೆಯ ಮೂಳೆ ಬೆಸೆದವರಿಗೂ ಅದು ಸಾಲದು, ಅವರಿಗೆ ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೋಡಲು ಆಗುತ್ತದೆಯೇ ಎನ್ನುವುದು ಮುಖ್ಯ. ಮಿದುಳಿನ ಶಸ್ತ್ರಚಿಕಿತ್ಸೆ ಆದವರು, ಫಿಟ್ಸ್ ಬಂದವರು ಇಂಥ ಮನೆಯ ಪರೀಕ್ಷೆಗಳಿಗೆ ಕೈಹಾಕಲೇಬಾರದು. ಅಲ್ಲಿ ಪರವಾನಗಿ ಕೊಡುವವರ ನಿಯಮವೇ ಬೇರೆ, ಕಾಯಬೇಕಾದ ಅವಧಿ ತಿಂಗಳುಗಟ್ಟಲೆ ಇರುತ್ತದೆ.

ಮೇಷ್ಟರು

ಪರವಾನಗಿ ಎಂದಾಗ ನೆನಪಾಯಿತು. ವಿಮೆಯವರಿಗೆ ಹೇಳುವುದು ಬೇರೆ, ಪರವಾನಗಿ ಕೊಟ್ಟ ಇಲಾಖೆಗೆ ಹೇಳುವುದು ಬೇರೆ. ಬ್ರಿಟನ್ನಿನಲ್ಲಿ ಶಸ್ತ್ರಚಿಕಿತ್ಸೆಯಾಗಿ 3 ತಿಂಗಳು ಕಳೆದರೂ ಓಡಿಸಲಾಗದಿದ್ದರೆ ಇಲಾಖೆಗೆ ತಿಳಿಸಬೇಕು. ಈ ಸಲ ಪೂರ್ತಿ ಕಥೆ ಹೇಳಿದ್ದೇನೆ.

ಪಾಲಿಸಿ ಪುಟ

ಹೇಳಿದ್ದೀರಿ, ಮೇಷ್ಟರೇ.

ಬಲಮಂಡಿಯವರೇ, ಈಗ ನಿಮ್ಮ ಕೆಲಸಕ್ಕೆ ಬರೋಣ. ಫೋನ್ ಬೇಡ. ಫೋನಿನಲ್ಲಿ ಹುಡುಗ ಹೇಳಿದ ಮಾತು ಅವನ ಪಾಳಿ ಮುಗಿಯುವಷ್ಟರಲ್ಲಿ ಆವಿಯಾಗಿರುತ್ತದೆ. ಇಮೇಲ್ ಬರೆಯಿರಿ. "ನಾನು ಓಡಿಸಬಹುದೇ?" ಎಂದು ಕೇಳಬೇಡಿ, ಅದಕ್ಕೆ ಅವರು ಜನ್ಮದಲ್ಲಿ ಹೌದು ಎನ್ನುವುದಿಲ್ಲ. ಹೀಗೆ ಕೇಳಿ: "ಇಂಥ ದಿನ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ವೈದ್ಯರು ಚಾಲನೆಗೆ ಅಡ್ಡಿಯಿಲ್ಲ ಎಂದು ಬರೆದುಕೊಟ್ಟ ನಂತರ ಓಡಿಸಲಿದ್ದೇನೆ. ಇದರಿಂದ ನನ್ನ ಪಾಲಿಸಿಯ ಷರತ್ತುಗಳಲ್ಲಿ ಯಾವುದಾದರೂ ಬದಲಾವಣೆ ಇದೆಯೇ? ನಿಮಗೆ ಯಾವುದಾದರೂ ದಾಖಲೆ ಬೇಕೇ?" ಪಾಲಿಸಿ ಸಂಖ್ಯೆ ಹಾಕಿ. ಉತ್ತರವನ್ನು ತೆಗೆದಿಡಿ. ಉತ್ತರ ಬರದಿದ್ದರೆ ನೀವು ಕಳುಹಿಸಿದ್ದನ್ನು ತೆಗೆದಿಡಿ.

ವೈದ್ಯರ ಬಳಿಯೂ "ಆರಾಮ ಎನಿಸಿದಾಗ" ಎನ್ನುವ ಮಾತು ಬೇಡ. ಮುಂದಿನ ತಪಾಸಣೆಯ ಚೀಟಿಯಲ್ಲಿ ಒಂದು ಸಾಲು ಬರೆಸಿಕೊಳ್ಳಿ, ದಿನಾಂಕದೊಂದಿಗೆ. ಹೆಚ್ಚಿನವರು ಕೇಳಿದರೆ ಬರೆಯುತ್ತಾರೆ, ಕೇಳದಿದ್ದರೆ ಬರೆಯುವುದಿಲ್ಲ. ಯಾರಾದರೂ ಓಡಿಸಬೇಡಿ ಎಂದು ಬರೆದಿದ್ದರೆ ಆ ಅವಧಿ ಮುಗಿಯುವವರೆಗೆ ಕಾರಿನ ಹತ್ತಿರವೂ ಹೋಗಬೇಡಿ. ಕ್ಲೇಮ್ ಪರಿಶೀಲಿಸುವವನು ಡಿಸ್ಚಾರ್ಜ್ ಪತ್ರದಲ್ಲಿ ಮೊದಲು ಹುಡುಕುವುದು ಆ ಸಾಲನ್ನೇ.

ಇನ್ನೊಂದು ಮಾತು. ಅಪಘಾತದಲ್ಲಿ ಬೇರೆಯವರಿಗೆ ಪೆಟ್ಟಾದರೆ ಹಲವು ದೇಶಗಳಲ್ಲಿ ವಿಮೆಯವರು ಮೊದಲು ಅವರಿಗೆ ಪರಿಹಾರ ಕೊಟ್ಟು, ಷರತ್ತು ಮುರಿದಿದ್ದೀರಿ ಎಂದು ಆಮೇಲೆ ನಿಮ್ಮಿಂದ ವಸೂಲಿ ಮಾಡುತ್ತಾರೆ. ಹೋಗುವುದು ನಿಮ್ಮ ಕಾರಿನ ರಿಪೇರಿ ಹಣ ಮಾತ್ರ ಎಂದುಕೊಂಡವರು ಆಗ ಕಂಗಾಲಾಗುತ್ತಾರೆ.

ಹಳೆಯ ಸ್ಟೀರಿಂಗ್

ಇಷ್ಟೆಲ್ಲ ಬರೆಯುವ ಬದಲು ಇನ್ನೆರಡು ವಾರ ಮನೆಯಲ್ಲಿ ಕುಳಿತರೆ ಆಯಿತಲ್ಲ.

ಕತ್ತರಿಹೊಲಿಗೆ

ಈ ಚರ್ಚೆಯಲ್ಲಿ ನೀವು ಹೇಳಿದ ಮೊದಲ ಒಳ್ಳೆಯ ಮಾತು.

ಬಲಮಂಡಿ (ನಾಲ್ಕು ದಿನಗಳ ನಂತರ)

ವರದಿ ಒಪ್ಪಿಸುತ್ತೇನೆ. ಇಮೇಲ್ ಕಳುಹಿಸಿದೆ. ಎರಡನೆಯ ದಿನ ಉತ್ತರ ಬಂತು: ವೈದ್ಯರ ಲಿಖಿತ ಸಲಹೆಗೆ ವಿರುದ್ಧವಾಗಿ ಓಡಿಸದಿದ್ದರೆ ಪಾಲಿಸಿಯಲ್ಲಿ ಬದಲಾವಣೆ ಇಲ್ಲ, ದಾಖಲೆ ಬೇಡ, ಪ್ರೀಮಿಯಂ ಅಷ್ಟೇ.

ಆಮೇಲೆ ಚಪ್ಪಾಳೆ ಪರೀಕ್ಷೆ. ಚಪ್ಪಾಳೆ ತಟ್ಟಲು ನನ್ನ ಹೆಂಡತಿ ಕುಳಿತಳು, ಬಹಳ ಉತ್ಸಾಹದಿಂದ ಕುಳಿತಳು ಎನ್ನಬೇಕು. ಐದು ಸಲ ಚೆನ್ನಾಗಿ ಒತ್ತಿದೆ. ಆರನೆಯದರಲ್ಲಿ ಕಾಲು ಬ್ರೇಕಿನ ಅಂಚಿಗೆ ತಗುಲಿ ಜಾರಿತು. ನೋವು ಇರಲಿಲ್ಲ, ಪಾದ ಎತ್ತಿದ್ದೇನೆ ಎಂದುಕೊಂಡಷ್ಟು ಎತ್ತಿರಲಿಲ್ಲ. ಏಳನೆಯದಕ್ಕೆ ಹೋಗಲಿಲ್ಲ. ಕತ್ತರಿಹೊಲಿಗೆ ಅವರೇ, ಎಂಟನೆಯದನ್ನು ನೋಡಿ ಎಂದಿದ್ದಿರಿ, ನಾನು ಅಲ್ಲಿಯವರೆಗೂ ಮುಟ್ಟಲಿಲ್ಲ. ಹತ್ತು ದಿನ ಬಿಟ್ಟು ಮತ್ತೆ ನೋಡುತ್ತೇನೆ. ರಾತ್ರಿಯ ಮಾತ್ರೆಯೂ ನಿಂತಿದೆ.

ಕತ್ತರಿಹೊಲಿಗೆ

ಆರನೆಯದರಲ್ಲಿ ನಿಲ್ಲಿಸಿದಿರಲ್ಲ, ಅದೇ ದೊಡ್ಡದು. ಬಹಳ ಜನ "ಚಪ್ಪಲಿ ಸರಿಯಿಲ್ಲ" ಎಂದು ಮತ್ತೆ ಶುರುಮಾಡುತ್ತಾರೆ.

ಎರಡು ಮಕ್ಕಳ ತಾಯಿ

ಬಲಮಂಡಿಯವರೇ, ಮೊದಲಿನಿಂದ ಕೇಳಬೇಕು ಎಂದುಕೊಂಡಿದ್ದೆ. ಕಾರು ನಿಂತಿಲ್ಲ, ಓಡುತ್ತಲೇ ಇದೆ ಎಂದಿರಿ. ಈ ಐದೂವರೆ ವಾರ ಓಡಿಸುತ್ತಿರುವವರು ಯಾರು?

ಬಲಮಂಡಿ

ಅಳಿಯ. ನನ್ನನ್ನು ಫಿಸಿಯೋಗೆ ಕರೆದುಕೊಂಡು ಹೋಗುವುದೂ ಅವನೇ. ಬಹಳ ಹುಷಾರಾಗಿ ಓಡಿಸುತ್ತಾನೆ.

ಪಾಲಿಸಿ ಪುಟ

ಹುಷಾರು ಬಿಡಿ. ಪಾಲಿಸಿಯಲ್ಲಿ ಅವನಿಗೆ ಜಾಗವಿದೆಯೇ? ಕೆಲವು ಪಾಲಿಸಿಗಳಲ್ಲಿ ಮಾಲೀಕನ ಒಪ್ಪಿಗೆ ಮತ್ತು ಸರಿಯಾದ ಪರವಾನಗಿ ಇರುವ ಯಾರಾದರೂ ಓಡಿಸಬಹುದು. ಕೆಲವದರಲ್ಲಿ ಹೆಸರು ಬರೆಸಿದವರು ಮಾತ್ರ. ನಾನು ಮೊದಲ ಉತ್ತರದಲ್ಲಿಯೇ ಚಾಲಕ ಯಾರಿರಬೇಕು ಎನ್ನುವ ಷರತ್ತು ನೋಡಿ ಎಂದಿದ್ದೆ.

ಬಲಮಂಡಿ (ಒಂದು ಗಂಟೆಯ ನಂತರ)

ನೋಡಿದೆ. ನನ್ನ ಹೆಸರಿದೆ, ಹೆಂಡತಿಯ ಹೆಸರಿದೆ. ಅವಳಿಗೆ ಓಡಿಸಲು ಬರುವುದಿಲ್ಲ, ಕಲಿಯುತ್ತಾಳೆ ಎಂದು ನಾಲ್ಕು ವರ್ಷದ ಹಿಂದೆ ಬರೆಸಿದ್ದೆ. ಅಳಿಯನ ಹೆಸರಿಲ್ಲ.

ನನ್ನ ಮಂಡಿಯ ಬಗ್ಗೆ ನಾಲ್ಕು ದಿನ ತಲೆ ಕೆಡಿಸಿಕೊಂಡು ಅವರಿಗೆ ಅಷ್ಟುದ್ದ ಪತ್ರ ಬರೆದೆನಲ್ಲ, ಅದನ್ನು ಶ್ರದ್ಧೆಯಿಂದ ಟೈಪ್ ಮಾಡಿಕೊಟ್ಟವನೂ ಅವನೇ. ಈಗ ಅವನ ಹೆಸರು ಸೇರಿಸಲು ಅರ್ಜಿ ಹಾಕಿದ್ದೇನೆ. ಮೂರು ನಾಲ್ಕು ದಿನ ಬೇಕಂತೆ. ಅಲ್ಲಿಯವರೆಗೆ ಕಾರು ಮನೆಯಲ್ಲೇ ಇರುತ್ತದೆ.

ಹಳೆಯ ಸ್ಟೀರಿಂಗ್

ಹೆಸರು ಸೇರಿಸುವಾಗ, ಇಷ್ಟು ದಿನ ಯಾರು ಓಡಿಸುತ್ತಿದ್ದರು ಎಂದು ಕೇಳಿದರೆ ಏನು ಹೇಳುತ್ತೀರಿ?

ಪಾಲಿಸಿ ಪುಟ

ಕೇಳಿದರೆ ಇದ್ದದ್ದನ್ನು ಹೇಳುತ್ತಾರೆ.

ಇಲಿಬೋನು

ಕಾರು ನಿಂತಿದೆ ಎಂದಿರಿ. ಇವತ್ತು ರಾತ್ರಿಯೇ ಬಾನೆಟ್ ಕೆಳಗೆ ಒಂದು ಬೋನು ಇಡಿ.